ಸೀಗೆಕಟ್ಟೆ ಹಳ್ಳದ ಬಾಯಿ

ಸೀಗೆಕಟ್ಟೆ,
ಸಿ.ಎಸ್. ಪುರ ಹೋಬಳಿ
೪-೯-೨೦೨೪

ನೇತ್ರಾ,

ಫೋನ್ ಮಾಡಿದ್ರೆ ಎತ್ತಲ್ಲ ನೀನು. ರಿಂಗಾಗಿ ರಿಂಗಾಗಿ ಕಟ್ಟಾಗುತ್ತೆ. ಬೇಡ ಬುಡು, ಬಲವಂತ ಇಲ್ಲ. ಏಳನೇ ಕ್ಲಾಸಲ್ಲಿ ಮೇಷ್ಟ್ರು ಕಾಗದ ಬರೆಯೋದು ಕಲಿಸಿದ್ರು, ಆ ಧೈರ್ಯದ ಮೇಲೆ ಕೂತಿದೀನಿ. ತಪ್ಪಿದ್ರೆ ತಿದ್ಕೊಂಡು ಓದು.

ರಾಜನ ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ಬೆಳಿಗ್ಗೆನೇ ನೀನು ಮೋನಿಕಾನ ಕರ್ಕೊಂಡು ಬಸ್ ಹತ್ತಿದೆ. ತವರುಮನೆಗೆ ಹೋಗ್ಬೇಡ ಅಂತ ನಾನೇನು ಅನ್ತಿರಲಿಲ್ಲ. ಒಂದು ಮಾತು ಹೇಳಿ ಹೋಗಿದ್ರೆ ದಾರಿಗೆ ಬುತ್ತಿನಾದ್ರೂ ಕಟ್ತಿದ್ದೆ. ಮಗು ಸ್ಕೂಲಿಗೆ ಸೇರಿದಾಳಾ? ಅಲ್ಲಿ ಅವಳ ಜೊತೆ ಆಡೋಕೆ ಯಾರಾದ್ರೂ ಇದಾರಾ?

ರಾಜನ ಬಲೆ ಇನ್ನೂ ಹಿತ್ತಿಲ ತಂತಿ ಮೇಲೇ ಇದೆ. ಮೀನಿನ ಸಂಘದ ಗುರುಸಿದ್ದಯ್ಯ ಬಂದು "ಅಕ್ಕಾ, ಸುತ್ತಿ ಎತ್ತಿಡ್ಲಾ" ಅಂದ. ಬೇಡ ಕಣಪ್ಪ ಅಂದೆ. ಮಳೆ ಬಂದ್ರೆ ನೆನೆಯುತ್ತೆ, ಬಿಸಿಲು ಬಂದ್ರೆ ಒಣಗುತ್ತೆ. ಇರ್ಲಿ.

ನಾಡಿದ್ದು ಗೌರಿ ಹಬ್ಬ. ನಮ್ಮನೇಲಿ ಈ ವರ್ಷ ಹಬ್ಬ ಇಲ್ಲ. ಆದ್ರೆ ಹಳ್ಳ ಬಂದು ಕೆರೆಗೆ ಸೇರೋ ಕಡೆ ನಾವು ಕಟ್ಟಿರ್ತೀವಲ್ಲ ಹಗ್ಗ, ಅದನ್ನ ಬಿಚ್ಚಬೇಕು. ಮೊದಲ ಮಳೆಯಿಂದ ಗೌರಿ ಹಬ್ಬದವರೆಗೆ ಹಗ್ಗದಿಂದಾಚೆ ಯಾರೂ ಬಲೆ ಬಿಡಂಗಿಲ್ಲ ಅಂತ ಸಂಘದಲ್ಲಿ ಮಾಡಿದ್ದು. ಅಧ್ಯಕ್ಷೆ ನಾನು, ನಾನೇ ಬಿಚ್ಚಬೇಕಂತೆ. ಕಟ್ಟೋವಾಗ ಆ ದಡದಲ್ಲಿ ಹಗ್ಗ ಹಿಡ್ಕೊಂಡು ನಿಂತಿದ್ದವನು ಅವನು. ಈಗ ಯಾರನ್ನ ನಿಲ್ಲಿಸ್ಲಿ?

ಈ ಸಲ ಮೀನು ಚೆನ್ನಾಗಿ ಹತ್ತಿ ಬಂದಿದ್ವು ಅಂತ ಎಲ್ರೂ ಹೇಳ್ತಾರೆ. ನಾನು ಆ ಕಡೆ ಹೋಗಿಲ್ಲ.

ನಿಮ್ಮಮ್ಮ ಓಬಳಮ್ಮನ್ನ ಕೇಳಿದೆ ಅಂತ ಹೇಳು.

ನಿನ್ನತ್ತೆ,
ಹೊಂಬಾಳಮ್ಮ


ಕುಣಿಗಲ್
೨೯-೯-೨೦೨೪

ಅತ್ತೆ,

ಕಾಗದ ಬಂದು ಬಹಳ ದಿನ ಆಯ್ತು. ಒಡೆಯದೆ ಟಿ.ವಿ. ಹಿಂದೆ ಇಟ್ಟಿದ್ದೆ. ಅಮ್ಮ ಬೈದಮೇಲೆ ಓದಿದೆ.

ಈ ಸಲ ಮೀನು ಚೆನ್ನಾಗಿ ಹತ್ತಿ ಬಂದಿದ್ವು ಅಂತ ಬರೆದಿದೀರಿ. ಆ ಸಾಲು ಹೇಗೆ ಬರೆದ್ರಿ?

ಅವತ್ತು ನೀವು ಗುಬ್ಬಿ ಸಂತೆಗೆ ಹೋಗಿದ್ರಿ. ಹಾಗಾಗಿ ಬೆಳಿಗ್ಗೆ ಮನೇಲಿ ಏನಾಯ್ತು ಅಂತ ನಿಮಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಆಷಾಢದ ಗಾಳಿ, ತೆಂಗಿನ ಗರಿಯೆಲ್ಲ ಒಂದೇ ಕಡೆಗೆ ಬಾಗಿದ್ವು. ನಾನಂದೆ, "ಇವತ್ತೊಂದಿನ ಹಳ್ಳದ ಬಾಯಲ್ಲೇ ಬಲೆ ಬಿಡ್ರೀ. ಅಲ್ಲಿ ಮೊಣಕಾಲುದ್ದ ನೀರು. ಅತ್ತೆ ಊರಲ್ಲಿಲ್ಲ, ಯಾರು ನೋಡ್ತಾರೆ?" ನಿಮ್ಮ ಮಗ ನಕ್ಕರು. "ಊರವರಿಗೆಲ್ಲ ಒಂದು ಕಾನೂನು, ಅಧ್ಯಕ್ಷರ ಮಗನಿಗೆ ಇನ್ನೊಂದಾ? ಆಮೇಲೆ ಅಮ್ಮ ಯಾವ ಮುಖ ಇಟ್ಕೊಂಡು ಮೀಟಿಂಗಲ್ಲಿ ಕೂತ್ಕೋಬೇಕು?" ಅಂದ್ರು. ತೆಪ್ಪ ತಗೊಂಡು ತೂಬಿನ ಕಡೆ ಹೋದ್ರು, ಆಳಕ್ಕೆ.

ಸಂಜೆ ತೆಪ್ಪ ಕೋಡಿ ಹತ್ರ ಸಿಕ್ತು. ಅವರು ಸಿಕ್ಕಿದ್ದು ಮಾರನೇ ದಿನ.

ಇದನ್ನ ನಿಮಗೆ ಹೇಳ್ಬಾರ್ದು ಅಂತಿದ್ದೆ. ಆದ್ರೆ ನೀವು ಮೀನಿನ ಸುದ್ದಿ ಬರೆದ್ರಿ. ಮೀನು ಮರಿ ಮಾಡ್ಲಿ ಅಂತ ಜಾಗ ಬಿಡಿಸಿದ್ರಿ ಅತ್ತೆ. ಆ ಜಾಗ ಬಿಟ್ಟು ಆಳಕ್ಕೆ ಹೋದವರು ಯಾರು ಅಂತ ಒಂದು ದಿನ ಯೋಚನೆ ಮಾಡಿದ್ರಾ?

ಮೋನಿಕಾ ಎರಡನೇ ಕ್ಲಾಸಿಗೆ ಸೇರಿದಾಳೆ. ರಾತ್ರಿ ಅಪ್ಪ ಅಂತ ಏಳ್ತಾಳೆ. ಇಷ್ಟು ಸಾಕು.

ನೇತ್ರಾವತಿ


ಸೀಗೆಕಟ್ಟೆ
೨೦-೧೦-೨೦೨೪

ನೇತ್ರಾ,

ಅವನು ಹಂಗಂದು ಹೋದ ಅಂತ ನಂಗೆ ಗೊತ್ತಿರ್ಲಿಲ್ಲ.

ನಿನ್ನ ಕಾಗದ ಕೈಲಿಟ್ಕೊಂಡು ಏರಿ ಮೇಲೆ ಕೂತಿದ್ದೆ. ದನ ಮೇಯಿಸೋರು "ಏನವ್ವಾ, ಹುಷಾರಿಲ್ವಾ" ಅಂತ ಕೇಳ್ಕೊಂಡು ಹೋದ್ರು. ನಿನಗೆ ಕೊಡೋಕೆ ನನ್ನ ಹತ್ರ ಉತ್ತರ ಇಲ್ಲ ಕಣೇ. ಇದ್ದಿದ್ರೆ ನನಗೇ ಹೇಳ್ಕೊಂಡು ನಿದ್ದೆ ಮಾಡ್ತಿದ್ದೆ.

ಯಾಕೆ ಮಾಡಿದ್ವು ಅಂತ ಮಾತ್ರ ಹೇಳ್ತೀನಿ. ನಾನು ಮದ್ವೆಯಾಗಿ ಬಂದಾಗ ಈ ಕೆರೇಲಿ ಕೊರವ ಮೀನು ತೊಡೆಗಾತ್ರ ಬರ್ತಿತ್ತು. ಆಮೇಲಾಮೇಲೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಬಂದ್ವು. ಮೊದಲ ಮಳೆಗೆ ಹಳ್ಳದ ಬಾಯಿಗೇ ಅಡ್ಡ ಕಟ್ಟೋರು. ಮೊಟ್ಟೆ ತುಂಬ್ಕೊಂಡು ಹೊಸನೀರಿಗೆ ಹತ್ತಿ ಬರೋ ಮೀನೆಲ್ಲ ಅಲ್ಲೇ ಮುಗೀತಿದ್ವು. ಕೊರವ ಜೊಂಡಿನೊಳಗೆ ಮರಿ ಮಾಡುತ್ತೆ. ಕುಂಕುಮ ಚೆಲ್ಲಿದಂಗೆ ಕೆಂಪಗೆ ನೀರ ಮೇಲೆ ಓಡಾಡ್ತಿರ್ತವೆ ಮರಿ, ಕೆಳಗೆ ತಾಯಿ ಕಾಯ್ತಿರುತ್ತೆ. ಅಲ್ಲಿಗೆ ಗಾಳ ಬಿಟ್ರೆ ತಾಯಿ ಕಚ್ಚೇ ಕಚ್ಚುತ್ತೆ. ಹಸಿವಿಗಲ್ಲ. ಮರಿಗೇನೋ ಬಂತು ಅಂತ. ಹಂಗೆ ತಾಯಿನ ಎತ್ತಿಬಿಟ್ರೆ ಆ ಮರಿನೆಲ್ಲ ಬೇರೆ ಮೀನು ತಿಂದು ಮುಗಿಸ್ತವೆ. ಒಂದು ವರ್ಷ ಇಡೀ ಕೆರೆ ಜಾಲಾಡಿದ್ರೂ ಜಿಲೇಬಿ ಮೀನು ಬಿಟ್ರೆ ಏನೂ ಬರ್ಲಿಲ್ಲ. ಇಲಾಖೆಯವರು ಮರಿ ತಂದು ಬಿಟ್ರೂ ನಿಲ್ಲಲಿಲ್ಲ. ಆಗ ಸಂಘದಲ್ಲಿ ಕೂತು ಹಗ್ಗ ಅಂತ ಮಾಡಿದ್ವು. ಬಯ್ಯಿಸ್ಕೊಂಡೆ, ಜಗಳ ಆಡಿದೆ. ಮೂರನೇ ವರ್ಷಕ್ಕೆ ಕೊರವ ವಾಪಸ್ ಬಂದ್ವು.

ಇದನ್ನ ಈಗ ಬರೀತಾ ನಂಗೇ ಅಸಹ್ಯ ಆಗ್ತಿದೆ. ಮೀನು ವಾಪಸ್ ಬಂದ್ರೆ ಏನಾಯ್ತು?

ಸಂಘದಲ್ಲಿ ಈಗ ಹಗ್ಗ ಬೇಡ ಅನ್ನೋರೇ ಜಾಸ್ತಿ. ನನ್ನ ಮುಂದೆ ಹೇಳೋಕೆ ಅಂಜ್ತಾರೆ, ಮಗ ಹೋದವಳು ಅಂತ. ಅಧ್ಯಕ್ಷೆ ಕೆಲಸ ಬಿಡ್ತೀನಿ ಅಂದೆ. "ಮಾಘದಲ್ಲಿ ಮಹಾಸಭೆ ಆಗ್ಲಿ ಅಕ್ಕಾ, ಎಲ್ಲ ಅಲ್ಲೇ ತೀರ್ಮಾನ ಮಾಡೋಣ" ಅಂದ ಗುರುಸಿದ್ದಯ್ಯ. ಒಂದಿನ ಹಗ್ಗ ಇರ್ಬೇಕು ಅನ್ಸುತ್ತೆ. ಒಂದಿನ ಅದನ್ನ ಒಲೆಗೆ ಹಾಕೋಣ ಅನ್ಸುತ್ತೆ.

ಮಗು ರಾತ್ರಿ ಎದ್ರೆ ಬೆನ್ನು ಸವರು. ಅವನೂ ಸಣ್ಣವನಿದ್ದಾಗ ಹಂಗೇ ಏಳ್ತಿದ್ದ.

ಹೊಂಬಾಳಮ್ಮ


ಕುಣಿಗಲ್
೧೫-೧೨-೨೦೨೪

ಅತ್ತೆ,

ನಾನು ಅಮ್ಮನ ಜೊತೆ ಮಾರ್ಕೆಟ್ಟಲ್ಲಿ ಮೀನು ಅಂಗಡಿಗೆ ಕೂರ್ತಿದೀನಿ. ಬೆಳಗ್ಗೆ ಐಸ್ ಡಬ್ಬದಲ್ಲಿ ಹೊರರಾಜ್ಯದ ಮೀನು ಬರುತ್ತೆ. ಎಲ್ಲ ಒಂದೇ ಅಳತೆ, ಅಚ್ಚಲ್ಲಿ ಹುಯ್ದ ಹಾಗೆ. ಮೊದಮೊದಲು ಮೀನು ಮುಟ್ಟೋಕೆ ಆಗ್ತಿರಲಿಲ್ಲ. ಈಗ ಕುಯ್ತೀನಿ, ಹೊಟ್ಟೆ ಕ್ಲೀನ್ ಮಾಡ್ತೀನಿ, ಎಲ್ಲ ಮಾಡ್ತೀನಿ. ಬದುಕಬೇಕಲ್ಲ.

ಮೊನ್ನೆ ಒಬ್ಬ ಅಜ್ಜ ಬಂದಿದ್ದ. ಸೊಸೆಗೆ ಬಾಣಂತನವಂತೆ, ಕೊರವ ಬೇಕಂತೆ. ಎಲ್ಲ ಅಂಗಡಿ ಸುತ್ತಿ ಬಂದಿದ್ದ. "ಎಲ್ಲೂ ಸಿಗ್ತಿಲ್ಲ ಕಣವ್ವ, ಎಲ್ಲೋದ್ವು ಅವು?" ಅಂತ ನನ್ನನ್ನ ಕೇಳಿದ. ಎಲ್ಲಿವೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಅಂಗಡಿ ಹಿಂದೆ ಹೋಗಿ ನೀರು ಕುಡಿದು ಬಂದೆ.

ಇನ್ನೊಂದು ವಿಷಯ. ಸಂಘದಿಂದ ಕಾಗದ ಬಂದಿದೆ. ನಿಮ್ಮ ಮಗನ ಸದಸ್ಯತ್ವ ನನ್ನ ಹೆಸರಿಗೆ ಆಗಿದೆಯಂತೆ, ಮಹಾಸಭೆಗೆ ಬರಬಹುದಂತೆ. ಬರ್ತೀನಿ. ಹಗ್ಗ ಬೇಡ ಅಂತ ಕೈ ಎತ್ತೋಕೆ ಬರ್ತೀನಿ. ಮೊದಲೇ ಹೇಳಿಬಿಡ್ತಿದೀನಿ. ಎಲ್ಲರ ಮುಂದೆ ಏಕಾಏಕಿ ನೋಡಿ ನೊಂದ್ಕೋಬೇಡಿ.

ನಿಮ್ಮ ಬಿ.ಪಿ. ಮಾತ್ರೆ ತಗೋತಿದೀರಾ? ಅದು ಅಡುಗೆಮನೆ ಗೂಡಲ್ಲಿ ಕಾಫಿಪುಡಿ ಪಕ್ಕ ಇತ್ತು.

ನೇತ್ರಾವತಿ


ಸೀಗೆಕಟ್ಟೆ
೮-೧-೨೦೨೫

ನೇತ್ರಾ,

ಬಾ. ನಿನ್ನ ಕೈ ನಿಂದು, ಹೆಂಗೆ ಬೇಕಾದ್ರೂ ಎತ್ತು. ಸೊಸೆ ಅತ್ತೆ ಎದುರು ಕೈ ಎತ್ತಿದ್ಲು ಅಂತ ಯಾರಾದ್ರೂ ಆಡ್ಕೊಂಡ್ರೆ ನಾನು ನೋಡ್ಕೋತೀನಿ. ಫೆಬ್ರವರಿ ಹದಿನಾರು, ಭಾನುವಾರ, ಡೈರಿ ಮುಂದೆ.

ನಿನಗೆ ತಿಳಿದಿರ್ಲಿ ಅಂತ ಒಂದು ಹೇಳ್ತೀನಿ. ಯಾರೋ ಕಂಟ್ರಾಕ್ಟರ್ ಬಂದು ಹಳ್ಳದ ಬಾಯಿ ಮಣ್ಣು ಕೇಳ್ತಿದಾನೆ, ರಸ್ತೆ ಕೆಲಸಕ್ಕೆ. ಜೊಂಡೆಲ್ಲ ಕಿತ್ತು ಆಳಕ್ಕೆ ತೋಡ್ಕೊಂಡು ಹೋಗ್ತಾನಂತೆ. ಕೆರೆ ಮೀನಿನ ಗುತ್ತಿಗೆ ಸಂಘದ್ದು, ಸಂಘ ಒಪ್ಪಿದ್ರೆ ಅವನಿಗೆ ಸಲೀಸು. ಹಗ್ಗ ಇರೋವರೆಗೂ ಒಪ್ಪೋ ಹಂಗಿಲ್ಲ. ಗುರುಸಿದ್ದಯ್ಯ ಒಪ್ಪೋಣ ಅಂತಾನೆ. ಅವನು ಕೆಟ್ಟವನಲ್ಲ. ಸುಸ್ತಾಗವ್ನೆ.

ಇದನ್ನ ನಿನ್ನ ಮನಸ್ಸು ತಿರುಗಿಸೋಕೆ ಬರೆದಿದ್ದಲ್ಲ.

ಮಾತ್ರೆ ಸಿಕ್ತು.

ಹೊಂಬಾಳಮ್ಮ


ಕುಣಿಗಲ್
೨೦-೨-೨೦೨೫

ಅತ್ತೆ,

ಮಹಾಸಭೆ ಮುಗಿದ ತಕ್ಷಣ ಮನೆಗೂ ಬರದೆ ಹೊರಟುಬಿಟ್ಟೆ. ಬಂದಿದ್ರೆ ಹಿತ್ತಿಲಲ್ಲಿ ಆ ಬಲೆ ನೋಡಬೇಕಿತ್ತು. ನನ್ನ ಕೈಲಾಗ್ತಿರಲಿಲ್ಲ.

ನಾನು ಬರೋವಾಗ ಹಗ್ಗ ಬೇಡ ಅನ್ನೋಕೇ ಬಂದಿದ್ದು. ಬಸ್ಸಲ್ಲಿ ಗುಬ್ಬಿ ದಾಟೋವರೆಗೂ ಅದೇ ಮನಸ್ಸಲ್ಲಿ ಕಟ್ಟಿಕೊಂಡು ಬಂದೆ. ಆದ್ರೆ ಅಲ್ಲಿ ಕುರ್ಚಿ ಮೇಲೆ ಅವರ ಫೋಟೋ ಇಟ್ಟು ಹಾರ ಹಾಕಿದ್ರು. ಯಾರು ಇಟ್ಟಿದ್ದು ಅಂತ ಕೇಳಲಿಲ್ಲ. ಗುರುಸಿದ್ದಯ್ಯಣ್ಣ ಎದ್ದು ನಿಂತು ಆ ಫೋಟೋ ಕಡೆ ಕೈ ತೋರಿಸಿ, "ಈ ಹಗ್ಗ ನಮ್ಮ ತಿಮ್ಮರಾಜುನ ತಿಂತು. ಇನ್ನೂ ಎಷ್ಟು ಜನನ ತಿನ್ಬೇಕು? ಹಗ್ಗ ತೆಗೆಯೋಣ. ಆ ಜೊಂಡೆಲ್ಲ ಕಿತ್ತಾಕಿ ಇಪ್ಪತ್ತಡಿ ಆಳ ಮಾಡಿಸೋಣ. ನೀರೂ ನಿಲ್ಲುತ್ತೆ, ಊರಿಗೂ ಒಳ್ಳೇದು" ಅಂದ್ರಲ್ಲ, ಆಗ ನೀವು ತಲೆ ತಗ್ಗಿಸಿ ಕೂತಿದ್ರಿ. ನೀವು ಮಾತಾಡ್ತೀರಿ ಅಂತ ಕಾದೆ.

ಇಪ್ಪತ್ತಡಿ ಅನ್ನೋ ಮಾತು ಕಿವಿಗೆ ಬಿತ್ತು. ನಾನು ಎದ್ದಿದ್ದು ನನಗೇ ಗೊತ್ತಾಗಲಿಲ್ಲ.

"ಗುರುಸಿದ್ದಯ್ಯಣ್ಣ, ಇಡೀ ಕೆರೇಲಿ ಮೊಣಕಾಲುದ್ದ ನೀರಿರೋ ಜಾಗ ಅದೊಂದೇ. ಅದನ್ನೂ ಇಪ್ಪತ್ತಡಿ ಮಾಡ್ತೀರಾ? ನನ್ನ ಗಂಡ ಸತ್ತಿದ್ದು ಆಳದಲ್ಲಿ. ಹಗ್ಗದಲ್ಲಲ್ಲ. ಅವರ ಫೋಟೋ ಇಟ್ಕೊಂಡು ಮಣ್ಣು ಮಾರಬೇಡಿ" ಅಂದೆ.

ಆಮೇಲೆ ಮುಂದಿನ ಸಾಲಲ್ಲಿದ್ದ ಯಲ್ಲಯ್ಯಜ್ಜ, "ಮತ್ತೆ ಗಾಳಿ ದಿನ ಏನ್ ಮಾಡೋದವ್ವ, ಹೊಟ್ಟೆ ಇದೆಯಲ್ಲ?" ಅಂದ್ರು. ಅದಕ್ಕೆ ನಾನು ತಯಾರಾಗಿ ಬಂದಿರಲಿಲ್ಲ. ಬಾಯಿಗೆ ಬಂದಿದ್ದು ಹೇಳಿದೆ. ಗಾಳಿ ಎದ್ದ ದಿನ ತೂಬಿನ ಮೇಲೆ ಕೆಂಪು ಬಟ್ಟೆ ಕಟ್ಟಿ, ಅವತ್ತು ಯಾರ ತೆಪ್ಪವೂ ಇಳೀಬಾರದು, ಸಂಘದವರೇ ಇಳಿಸಬಾರದು. ಬಾಕಿ ದಿನ ಒಬ್ಬೊಬ್ಬರೇ ಹೋಗಬಾರದು. ಕೆಲಸ ನಿಂತ ದಿನಕ್ಕೆ ಸಂಘದಿಂದ ಮನೆಗಿಷ್ಟು ಅಂತ ರಾಗಿ, ಅಕ್ಕಿ ಕೊಡಿ. ಮೀನು ಕಾಯೋಕೆ ಒಂದು ಕಾನೂನು ಮಾಡಿದವರು ಮನುಷ್ಯರನ್ನ ಕಾಯೋಕೂ ಒಂದು ಮಾಡಿ ಅಂದೆ.

ಕೈ ಎತ್ತಿ ಅಂದಾಗ ನೋಡಿದೆ. ಹಗ್ಗ ಇರಲಿ ಅಂದವರು ನಾಲ್ಕೇ ಜನ ಜಾಸ್ತಿ. ಅದರಲ್ಲಿ ನನ್ನದೂ ಒಂದು.

ನಿಮ್ಮ ಪರವಾಗಿ ಎತ್ತಿದೆ ಅಂದ್ಕೋಬೇಡಿ. ಮನಸ್ಸು ತಿಳಿಯಾಯ್ತು ಅಂತಲೂ ಅಲ್ಲ. ಅವರು ಬದುಕಿದ್ದಿದ್ರೆ ಏನು ಹೇಳ್ತಿದ್ರೋ ಅದನ್ನೇ ನಾನು ಹೇಳಿದೆ ಅಂತ ಆಮೇಲೆ ಬಸ್ಸಲ್ಲಿ ಹೊಳೀತು. ಅದಕ್ಕೆ ಇನ್ನಷ್ಟು ಸಂಕಟ ಆಯ್ತು.

ನೇತ್ರಾ


ಸೀಗೆಕಟ್ಟೆ
೩-೪-೨೦೨೫

ನೇತ್ರಾ,

ಸಭೇಲಿ ನಾನ್ಯಾಕೆ ಮಾತಾಡ್ಲಿಲ್ಲ ಅಂತ ಕೇಳಿದೀಯ. ಫೋಟೋ ನನ್ನ ಎದುರಿಗೇ ಇತ್ತು ಕಣೇ.

ಈಗಿನ ಸುದ್ದಿ ಕೇಳು. ಯುಗಾದಿ ರಜೆ ನೋಡ್ಕೊಂಡು, ಊರವರೆಲ್ಲ ಹಬ್ಬದ ಗುಂಗಲ್ಲಿದ್ದಾಗ ಜೆಸಿಬಿ ತಂದು ಹಳ್ಳದ ಬಾಯಿಗೆ ಇಳಿಸಿದಾರೆ. ಸಂಘ ಬೇಡ ಅಂತ ಬರ್ಕೊಟ್ಟಿದ್ರೂ ಬೇರೆ ಎಲ್ಲಿಂದಲೋ ಆರ್ಡರ್ ಮಾಡಿಸ್ಕೊಂಡು ಬಂದಿದಾರಂತೆ. ನಮಗೆ ಹಬ್ಬ ಇಲ್ಲವಲ್ಲ, ನಾನು ಹೊಲದ ಕಡೆ ಹೋಗಿದ್ದೆ, ಸದ್ದು ಕೇಳಿಸ್ತು. ಹೋಗಿ ನೋಡಿದ್ರೆ ಟಿಪ್ಪರ್ ಸಾಲು. ಜೊಂಡು ಬೇರು ಸಮೇತ ಎದ್ದು ಬಂದು ಮಣ್ಣಿನ ಜೊತೆ ಲಾರಿಗೆ ಬೀಳ್ತಿತ್ತು. ಆ ಕೆಸರಲ್ಲಿ ಕೊರವ ಹೂತ್ಕೊಂಡಿರ್ತವೆ ಬೇಸಿಗೇಲಿ. ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಅವೂ ಮೇಲೆ ಬಂದು ಒದ್ದಾಡ್ತಿದ್ವು.

ನಾನು ಕೂಗಿದೆ. ಡ್ರೈವರಿಗೆ ಕೇಳಿಸ್ಲಿಲ್ಲ. ಕೆಸರಿಗೆ ಇಳಿದು ಮುಂದೆ ಹೋಗಿ ನಿಂತ್ಕೊಂಡೆ. ಅವನು ಗಾಬರಿಯಾಗಿ ಗಾಡಿ ನಿಲ್ಲಿಸಿದ. "ಅಜ್ಜಿ, ಸೈಡಿಗೆ ಬನ್ನಿ, ನನ್ನ ಕೆಲಸ ಹೋಗುತ್ತೆ" ಅಂದ. ನಾನಂದೆ, "ನಂದು ಹೋಗೋದೆಲ್ಲ ಹೋಗಿದೆ ಕಣಪ್ಪ, ನೀನು ಗಾಡಿ ಆಫ್ ಮಾಡು." ಹೋಳಿಗೆ ಊಟ ಬಿಟ್ಟು ಸಂಘದ ಜನ ಓಡಿ ಬಂದ್ರು. ಹೆಂಗಸರೂ ಬಂದ್ರು. ಗುರುಸಿದ್ದಯ್ಯ ಕೊನೇಲಿ ಬಂದ, ನನ್ನ ಕೈ ಹಿಡಿದು ಕೆಸರಿಂದ ಎತ್ತಿದವನು ಅವನೇ. ನನ್ನ ಜಾಗದಲ್ಲಿ ಅವನು ಹೋಗಿ ನಿಂತ.

ಆಗಲೇ ಅರ್ಧ ಹೋಗಿತ್ತು ಜೊಂಡು. ಉಳಿದರ್ಧ ಕಾಯ್ತಿದೀವಿ, ಪಾಳಿ ಮೇಲೆ.

ಕಾಲಿಗೆ ಗಾಜು ಚುಚ್ಚಿ ಸ್ವಲ್ಪ ಬಾತಿದೆ. ದೊಡ್ಡದೇನಲ್ಲ. ಮುಂದಿನ ಬುಧವಾರ ಎಲ್ರೂ ತುಮಕೂರಿಗೆ ಹೋಗ್ತಿದೀವಿ, ಡೀಸಿ ಆಫೀಸಿಗೆ. ಬಾ ಅಂತ ಬರೀತಿಲ್ಲ. ಹೋಗ್ತಿದೀವಿ ಅಂತ ಬರೀತಿದೀನಿ.

ಹೊಂಬಾಳಮ್ಮ


ಕುಣಿಗಲ್
೨೦-೪-೨೦೨೫

ಅತ್ತೆ,

ಕಾಲು ಹೇಗಿದೆ? ಸ್ವಲ್ಪ ಬಾತಿದೆ ಅಂತ ಬರೆದಿದ್ರಿ. ತುಮಕೂರಲ್ಲಿ ನೋಡಿದ್ರೆ ಚಪ್ಪಲಿ ಹಾಕೋಕೂ ಆಗದ ಹಾಗೆ ಬಟ್ಟೆ ಸುತ್ಕೊಂಡು ಕೂತಿದ್ರಿ. ತಲೆಗೂದಲು ಯಾವಾಗ ಅಷ್ಟು ಬೆಳ್ಳಗಾಯ್ತು?

ನಾನು ಬಂದು ಬೆಂಚಿನ ಮೇಲೆ ಕೂತಾಗ ನೀವು ಸ್ವಲ್ಪ ಜರುಗಿ ಜಾಗ ಕೊಟ್ರಿ. ಬಂದೆಯಾ ಅಂತಲೂ ಕೇಳಲಿಲ್ಲ. ಸೆರಗಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ರಿ. ಮಧ್ಯಾಹ್ನದವರೆಗೂ ಹಾಗೇ ಕೂತಿದ್ವು. ಅಷ್ಟು ಜನ ಓಡಾಡ್ತಿದ್ರೂ ನಿಮ್ಮ ಉಸಿರಾಟ ನನಗೆ ಕೇಳಿಸ್ತಿತ್ತು.

ಒಳಗೆ ಕರೆದಾಗ ಆ ಸಾಹೇಬ್ರು ನನ್ನ ನೋಡಿ "ನೀವ್ಯಾರಮ್ಮ" ಅಂದ್ರು. ನಾನು "ಸಂಘದ ಸದಸ್ಯೆ" ಅಂದೆ. ಅದೇ ಹೊತ್ತಿಗೆ ನೀವು "ನಮ್ಮ ಸೊಸೆ" ಅಂದ್ರಿ. ಇಬ್ಬರೂ ಒಟ್ಟಿಗೆ ಅಂದಿದ್ದಕ್ಕೆ ಅವರಿಗೆ ಎರಡೂ ಸರಿಯಾಗಿ ಕೇಳಿಸಲಿಲ್ಲ ಅನ್ಸುತ್ತೆ. ನನಗೆ ಕೇಳಿಸ್ತು.

ಮಣ್ಣು ತೆಗೆಯೋದು ನಿಲ್ಲಿಸಿ ಅಂತ ಬರೆದುಕೊಟ್ರಲ್ಲ, ಆಗ ಎಲ್ಲರೂ ಖುಷಿಪಟ್ಟರು. ನೀವು ಮಾತ್ರ, "ಸ್ವಾಮಿ, ಹೋಗಿರೋ ಅರ್ಧ?" ಅಂತ ಕೇಳಿದ್ರಿ.

ಬಸ್ ಸ್ಟ್ಯಾಂಡಲ್ಲಿ ನೀವು ಗುಬ್ಬಿ ಬಸ್ ಹತ್ತಿದ್ರಿ, ನಾನು ಕುಣಿಗಲ್ ಬಸ್ ಹತ್ತಿದೆ. ಹೆಬ್ಬೂರು ದಾಟೋವರೆಗೂ ತಡ್ಕೊಂಡಿದ್ದೆ. ಆಮೇಲೆ ಆಗಲಿಲ್ಲ. ಪಕ್ಕದಲ್ಲಿದ್ದವಳು ಕಿಟಕಿ ಸೀಟು ಬಿಟ್ಟುಕೊಟ್ಟಳು.

ಆಷಾಢಕ್ಕೆ ವರ್ಷ ಆಗುತ್ತೆ. ಮೋನಿಕಾನ ಕರ್ಕೊಂಡು ಬರ್ತೀನಿ.

ನಿಮ್ಮ ಸೊಸೆ,
ನೇತ್ರಾ


ಸೀಗೆಕಟ್ಟೆ
೨೭-೭-೨೦೨೫

ನೇತ್ರಾ,

ಕ್ಷೇಮವಾಗಿ ತಲುಪಿದ್ರಿ ಅಂತ ಓಬಳಮ್ಮ ಫೋನ್ ಮಾಡಿ ಹೇಳಿದ್ರು. ವರ್ಷದ ಕಾರ್ಯ ನೀನು ಬಂದಿದ್ದಕ್ಕೆ ಕಾರ್ಯದ ಹಂಗೆ ಆಯ್ತು. ಇಲ್ಲದಿದ್ರೆ ಒಬ್ಳೇ ಎಡೆ ಇಟ್ಟು ಒಬ್ಳೇ ಉಣ್ಬೇಕಿತ್ತು. ಮೋನಿಕಾ ಅವರಪ್ಪನ ಥರನೇ ಉಪ್ಪಿನಕಾಯಿ ಮೊದಲು ತಿಂತಾಳೆ. ನೋಡಿದೆ, ನೀನೂ ನೋಡಿದೆ.

ಹಳ್ಳದ ಬಾಯಿ ಸಂಗತಿ ನೀನು ಕೇಳಿದ್ದೆಯಲ್ಲ, ಹೋಗಿ ನೋಡ್ಕೊಂಡು ಬಂದೆ. ತೋಡಿದ ಕಡೆ ನೀರು ಕಪ್ಪಗೆ ನಿಂತಿದೆ. ಅಲ್ಲಿ ಏನೂ ಇಲ್ಲ. ಒಂದು ಕೊಕ್ಕರೆನೂ ಕೂರಲ್ಲ, ಕಾಲೂರೋಕೆ ನೆಲ ಬೇಕಲ್ಲ. ಉಳಿದ ಜೊಂಡಿನ ಕಡೆ ಮೀನು ಹತ್ತಿವೆ, ಆದ್ರೆ ಹೋದ ವರ್ಷದ ಅರ್ಧನೂ ಇಲ್ಲ. ಗುರುಸಿದ್ದಯ್ಯ, ಮಹಾಲಿಂಗಯ್ಯ, ಸಂಘದವರೆಲ್ಲ ಸೇರ್ಕೊಂಡು ಬೇರೆ ಕಡೆಯಿಂದ ಜೊಂಡಿನ ಬೇರು ತಂದು ಗುಂಡಿ ಅಂಚಿಗೆ ನೆಡ್ತಿದಾರೆ. ಹತ್ತುತ್ತೋ ಇಲ್ವೋ. ಹತ್ತಿದ್ರೂ ಅದು ಮೊದಲಿನಂಗಾಗೋದು ನಾನಿರೋವರೆಗೆ ಅಲ್ಲ.

ನೀನು ಹೋಗಿ ಮೂರ್ನಾಲ್ಕು ದಿನಕ್ಕೆ ಗಾಳಿ ಎದ್ದಿತು. ಅವತ್ತಿನಂಥದೇ ಗಾಳಿ. ಮಹಾಲಿಂಗಯ್ಯ ಬೆಳಕು ಹರಿಯೋಕೂ ಮುಂಚೆ, ನೀನು ಸಭೇಲಿ ಹೇಳಿದಂಗೇ, ತೂಬಿನ ಮೇಲೆ ಕೆಂಪು ಬಟ್ಟೆ ಕಟ್ಟಿದ್ದ. ಒಂದು ತೆಪ್ಪವೂ ಇಳೀಲಿಲ್ಲ. ಎಲ್ಲ ಏರಿ ಕೆಳಗೆ ಕವುಚಿ ಹಾಕಿದ್ರು. ಗಂಡಸರು ಬಲೆ ಹೊಲೀತಾ, ಬೀಡಿ ಸೇದ್ತಾ ಮರದ ಕೆಳಗೆ ಕೂತಿದ್ರು. ಮಧ್ಯಾಹ್ನ ಅವರವರ ಹೆಂಡ್ತೀರು ಬಂದು ಊಟಕ್ಕೆ ಕರೆದ್ರು, ಎದ್ದು ಹೋದ್ರು. ಸಂಜೆ ಗಾಳಿ ನಿಂತಿತು.

ಅಷ್ಟೇ ಸುದ್ದಿ. ಅವತ್ತು ಯಾರ ಮನೇಲೂ ಏನೂ ಆಗ್ಲಿಲ್ಲ. ಏನೂ ಆಗದ ಆ ದಿನ ನೋಡಿ ಊರಲ್ಲಿ ಅತ್ತವಳು ನಾನೊಬ್ಳೇ.

ನಿನ್ನತ್ತೆ


ಕುಣಿಗಲ್
೧೯-೧೦-೨೦೨೫

ಅತ್ತೆ,

ಈ ಕಾಗದ ಎಷ್ಟು ಸಲ ಬರೆದು ಹರಿದಿದೀನೋ. ನೇರವಾಗಿ ಹೇಳ್ತೀನಿ.

ಮಾರ್ಕೆಟ್ಟಿಗೆ ಐಸ್ ತರೋ ಟೆಂಪೋ ಇದೆ. ಅದನ್ನ ಓಡಿಸೋರು ಅಂಜನ್‌ಕುಮಾರ್ ಅಂತ, ಕೋರದ ಕಡೆಯವರು. ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷ ಆಯ್ತಂತೆ, ಮಕ್ಕಳಿಲ್ಲ. ಅಮ್ಮನ ಹತ್ರ ಬಂದು ಕೇಳಿದಾರೆ. ಮೋನಿಕಾನ ತನ್ನ ಮಗಳ ಹಾಗೆ ನೋಡ್ಕೋತೀನಿ ಅಂದಿದಾರೆ. ಅವಳಿಗೆ ಅವರನ್ನ ಕಂಡ್ರೆ ಭಯವಿಲ್ಲ, ಟೆಂಪೋ ಹತ್ತಿ ಹಾರ್ನ್ ಹೊಡ್ಕೊಂಡು ಕೂತಿರ್ತಾಳೆ. ಅಮ್ಮನಿಗೆ ವಯಸ್ಸಾಯ್ತು, "ನಾನು ಕಣ್ಣು ಮುಚ್ಚೋಕೆ ಮುಂಚೆ" ಅಂತ ಶುರು ಮಾಡ್ತಾಳೆ.

ನಾನು ಇನ್ನೂ ಹೂಂ ಅಂದಿಲ್ಲ. ನಿಮಗೆ ಹೇಳದೆ ಬಾಯಿ ಬರ್ತಿಲ್ಲ. ನಿಮ್ಮ ಮಗನನ್ನ ಮರೆತೆ ಅಂತ ನೀವು ಅಂದ್ಕೋತೀರೇನೋ. ಮರೆತಿಲ್ಲ ಅತ್ತೆ. ಮಾರ್ಕೆಟ್ಟಲ್ಲಿ ಯಾರಾದ್ರೂ ಹಿಂದಿನಿಂದ ಹಾಗೇ ಕಂಡ್ರೆ ಇವತ್ತಿಗೂ ಎದ್ದು ನಿಲ್ತೀನಿ.

ನೀವು ಬೇಡ ಅಂದ್ರೆ ಬೇಡ.

ನೇತ್ರಾ


ಸೀಗೆಕಟ್ಟೆ
೯-೧೧-೨೦೨೫

ನೇತ್ರಾ,

ಉತ್ತರ ತಡವಾಯ್ತು. ಕೋಪ ಮಾಡ್ಕೊಂಡಿದೀನಿ ಅಂದ್ಕೊಂಡ್ಯೇನೋ. ಕೋಪ ಅಲ್ಲ. ನಾನೊಬ್ಳೇ ಅತ್ತು ಮುಗಿಸಿ ಆಮೇಲೆ ಬರೆಯೋಣ ಅಂತಿದ್ದೆ. ಮುಗೀಲಿಲ್ಲ, ಅದಕ್ಕೆ ಹಂಗೇ ಬರೀತಿದೀನಿ.

ಹೂಂ ಅನ್ನು ಮಗಳೇ.

ನಿಂಗೆ ಮೂವತ್ತೊಂದು ವರ್ಷ. ನನ್ನ ಗಂಡ ಹೋದಾಗ ನಂಗೂ ಹೆಚ್ಚುಕಡಿಮೆ ಅಷ್ಟೇ. ಯಾರೂ ನನ್ನ ಕೇಳ್ಲಿಲ್ಲ, ನಾನೂ ಯಾರನ್ನೂ ಕೇಳ್ಲಿಲ್ಲ. ರಾಜನ್ನ ಸೊಂಟಕ್ಕೆ ಕಟ್ಕೊಂಡು ಕೆರೆಗಿಳಿದೆ. ಚೆನ್ನಾಗಿ ಬದುಕಿದೆ ಅಂತ ಊರವರು ಹೇಳ್ತಾರೆ. ಹೆಂಗೆ ಬದುಕಿದೆ ಅಂತ ನಂಗೊತ್ತು. ನೀನು ಹಂಗಿರೋದು ಬೇಡ. ಮರೆಯೋ ವಿಷಯ ಬರೆದಿದೀಯ. ಮರೆತರೂ ನಾನು ಬೇಜಾರು ಮಾಡ್ಕೊಳಲ್ಲ. ನೆನೆಸ್ಕೊಳೋಕೆ ನಾನಿದೀನಿ.

ಸಂಘದ ಸದಸ್ಯತ್ವ ನಿನ್ನ ಹೆಸರಲ್ಲೇ ಇರ್ಲಿ. ಮದ್ವೆಯಾದ್ರೆ ಅದು ಹೋಗಲ್ಲ ಅಂತ ಗುರುಸಿದ್ದಯ್ಯ ಕೇಳ್ಕೊಂಡು ಬಂದ. ಈ ಸಲದಿಂದ ಅಧ್ಯಕ್ಷ ಅವನೇ, ನಾನೇ ಒಪ್ಪಿಸಿದೆ. ನೆಟ್ಟ ಜೊಂಡನ್ನ ದನ ಮೇಯ್ದ್ರೆ ಈಗ ನನಗಿಂತ ಜೋರಾಗಿ ಬಾಯಿ ಮಾಡ್ತಾನೆ. ವರ್ಷಕ್ಕೊಂದು ಸಲ ಮಹಾಸಭೆಗೆ ಬಾ. ಸೊಸೆಯಾಗಿ ಬರೋದು ಬೇಡ, ಸದಸ್ಯೆಯಾಗಿ ಬಾ. ಮಣ್ಣು ತೆಗೆಯೋರು ಮತ್ತೆ ಬರ್ತಾರೆ, ಬರದೇ ಇರಲ್ಲ. ಅವತ್ತು ನಾನಿರ್ತೀನೋ ಇಲ್ವೋ.

ಮದ್ವೆಗೆ ನಾನು ಬರಲ್ಲ. ಬಂದ್ರೆ ಅತ್ತುಬಿಡ್ತೀನಿ, ನೋಡಿದೋರು ಬೇರೆ ಅರ್ಥ ಮಾಡ್ಕೋತಾರೆ. ಒಂದು ಸೀರೆ ತೆಗೆದಿಟ್ಟಿದೀನಿ, ಗುರುಸಿದ್ದಯ್ಯನ ಹೆಂಡ್ತಿ ತಂದುಕೊಡ್ತಾಳೆ. ಹಸಿರು ಬಣ್ಣ. ಉಟ್ಕೋ.

ಇನ್ಮೇಲೆ ನನ್ನ ಏನಂತ ಕರೀಬೇಕು ಅನ್ನೋದು ನಿಂಗೆ ಬಿಟ್ಟಿದ್ದು. ಅತ್ತೆ ಅನ್ನೋಕೆ ಬರಲ್ಲ, ನಿಂಗೆ ಬೇರೆ ಅತ್ತೆ ಇರ್ತಾರೆ. ಮೋನಿಕಾಗೆ ಮಾತ್ರ ನಾನು ಅಜ್ಜಿನೇ. ಅದನ್ನ ಯಾರೂ ಬದಲಾಯಿಸೋಕಾಗಲ್ಲ.

ಆ ಅಂಜನ್‌ಕುಮಾರ್‌ಗೆ ಒಂದು ಮಾತು ಹೇಳು. ಐಸ್ ಕರಗುತ್ತೆ ಅಂತ ಟೆಂಪೋ ಜೋರಾಗಿ ಓಡಿಸೋದು ಬೇಡ. ಕರಗಿದ್ರೆ ಕರಗ್ಲಿ. ಮಂಜು ಬಿದ್ದಿದ್ರೆ ಎಲ್ಲಾದ್ರೂ ನಿಲ್ಲಿಸಿ, ಟೀ ಕುಡ್ಕೊಂಡು, ಬೆಳಕಾದ್ಮೇಲೆ ಹೊರಡ್ಲಿ. ನಾನು ಹೇಳ್ದೆ ಅಂತ ಹೇಳ್ಬೇಡ. ನೀನೇ ಹೇಳಿದಂಗೆ ಹೇಳು.

ಹೊಂಬಾಳಮ್ಮ